ಬೆಳಿಗ್ಗೆ ಡೆಡ್‌ಲಿಫ್ಟ್, ಸಂಜೆ ಜೂಡೋ, ಮಧ್ಯೆ ಸತ್ತೋದ ಹಿಡಿತ

ಪ್ರಶ್ನೆ: ಸಾರ್, ನನಗೆ 31 ವರ್ಷ, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ, ತೂಕ 74 ಕೆಜಿ. ಎರಡು ವರ್ಷದಿಂದ ಜೂಡೋ ಕಲೀತಿದೀನಿ. ಸೋಮ, ಮಂಗಳ, ಗುರು, ಶನಿ, ಸಂಜೆ 7ರಿಂದ 8:30. ಜೊತೆಗೆ ಬೆಳಿಗ್ಗೆ ವಾರಕ್ಕೆ 5 ದಿನ ಜಿಮ್, ಪುಶ್-ಪುಲ್-ಲೆಗ್ಸ್ (ತಳ್ಳೋದು, ಎಳೆಯೋದು, ಕಾಲು ಅಂತ ದಿನ ಹಂಚಿದ್ದು). ರಾತ್ರಿ ಮಲಗೋದು ಹನ್ನೊಂದೂ ಮುಕ್ಕಾಲು, ಅಲಾರಂ 5ಕ್ಕೆ. ಮೂರು ತಿಂಗಳಿಂದ ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತೋದು) 120 ಕೆಜಿ ದಾಟ್ತಿಲ್ಲ, ರಾಂಡೋರಿಲಿ (ಜೂಡೋದ ಅಭ್ಯಾಸ ಕುಸ್ತಿ) ಎರಡನೇ ರೌಂಡ್‌ಗೇ ಕೈ ಹಿಡಿತ ಸತ್ತೋಗುತ್ತೆ, ಬಲ ಮೊಣಕೈ ಒಳಬದೀಲಿ ನೋವು ಬೇರೆ. ಇನ್ನು 12 ವಾರಕ್ಕೆ 73 ಕೆಜಿ ವಿಭಾಗದಲ್ಲಿ ನನ್ನ ಮೊದಲ ಟೂರ್ನಮೆಂಟ್. ಜಿಮ್ ಬಿಡ್ಲಾ, ಜೂಡೋ ಕಮ್ಮಿ ಮಾಡ್ಲಾ? ಐಸ್ ಬಾತ್, ಕ್ರಿಯಾಟಿನ್ ತಗೊಂಡ್ರೆ ಸರಿಹೋಗುತ್ತಾ? ಮೊಟ್ಟೆ ತಿಂತೀನಿ, ಮಾಂಸ ತಿನ್ನಲ್ಲ. ಇನ್ನೊಂದು, ತೊಡೆ ಮೇಲೆ ದುಂಡಗೆ ತುರಿಕೆ ಎದ್ದಿದೆ, ಮೆಡಿಕಲ್ ಸ್ಟೋರ್‌ನವರು ಕೊಟ್ಟ ಕ್ರೀಮ್ ಹಚ್ಕೋತಿದೀನಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಬಿಡಿ.

ಉತ್ತರ: ಸಂಬಂಧ ಇದೆ, ಅದಕ್ಕೆ ಕೊನೇಲಿ ಬರ್ತೀನಿ.

ಮೊದಲು ನಿಮ್ಮ ನಿದ್ದೆ ಲೆಕ್ಕ ಹಾಕಿದೆ. ಹನ್ನೊಂದೂ ಮುಕ್ಕಾಲಿಂದ ಐದಕ್ಕೆ ಐದೂ ಕಾಲು ಗಂಟೆ ಆಯ್ತು, ಅದರಲ್ಲೂ ಮಲಗಿದ ತಕ್ಷಣ ಯಾರಿಗೂ ನಿದ್ದೆ ಹತ್ತಲ್ಲ, ರಾಂಡೋರಿ ಮುಗಿಸಿ ಬಂದ ಮೈಗಂತೂ ಹತ್ತೋದೇ ಇಲ್ಲ, ಕಣ್ಣು ಮುಚ್ಚಿದ್ರೆ ಎಸೆಸಿಕೊಂಡಿದ್ದೇ ರೀಲ್ ಥರ ಓಡ್ತಿರುತ್ತೆ. ಹಂಗಾಗಿ ನಿಜವಾದ ನಿದ್ದೆ ಐದು ಗಂಟೆ ಅಂತ ಇಟ್ಕೊಳ್ಳಿ. ಐದು ಗಂಟೆ ನಿದ್ದೇಲಿ ವಾರಕ್ಕೆ ಒಂಬತ್ತು ಸಲ ತಾಲೀಮು ಮಾಡ್ತಿದೀರಿ. 120 ದಾಟಿಲ್ಲ ಅಂತ ಬೇಜಾರು ಮಾಡ್ಕೊಂಡಿದೀರಿ, ನನಗೆ ಅನ್ನಿಸಿದ್ದು 120 ಇನ್ನೂ ಎತ್ತುತಾ ಇದಾರಲ್ಲ ಈ ಮನುಷ್ಯ ಅಂತ.

ನಮ್ಮಲ್ಲಿ ಹೆಚ್ಚಿನವರು ಜಿಮ್‌ಗೆ ಒಂದು ಖಾತೆ, ಜೂಡೋಗೆ ಇನ್ನೊಂದು ಖಾತೆ, ಆಫೀಸ್‌ಗೆ ಮತ್ತೊಂದು ಅಂತ ಮನಸ್ಸಲ್ಲಿ ಇಟ್ಕೊಂಡಿರ್ತಾರೆ. ಮೈಗೆ ಇರೋದು ಒಂದೇ ಖಾತೆ. ಜಿಮ್ ಕೋಚ್ ತನ್ನ ಪ್ರೋಗ್ರಾಮ್ ಬರೀವಾಗ ನೀವು ಸಂಜೆ ಏನೂ ಮಾಡಲ್ಲ ಅಂದ್ಕೊಂಡು ಬರೀತಾನೆ, ಜೂಡೋ ಸಾರ್ ಉಚಿಕೋಮಿ (ಎಸೆಯದೆ ಪಟ್ಟಿಗೆ ಒಳಗೆ ಹೋಗಿ ಬರೋ ಅಭ್ಯಾಸ) ನೂರು ಹೊಡೀರಿ ಅನ್ನುವಾಗ ನೀವು ಬೆಳಿಗ್ಗೆ ರೋ, ಪುಲ್‌ಅಪ್ ಎಲ್ಲಾ ಮುಗಿಸಿ ಬಂದಿದೀರಿ ಅನ್ನೋದು ಅವರಿಗೆ ಗೊತ್ತಿರಲ್ಲ. ಇಬ್ಬರೂ ಒಂದೇ ಖಾತೆಗೆ ಚೆಕ್ ಬರೀತಿದಾರೆ. ಬೌನ್ಸ್ ಆಗ್ತಿರೋದು ನಿಮ್ಮ ಮೊಣಕೈಲಿ.

ಒಟ್ಟು ಲೆಕ್ಕ ಹಾಕೋಕೆ ಒಂದು ಸುಲಭದ ದಾರಿ ಇದೆ, ಕಾರ್ಲ್ ಫಾಸ್ಟರ್ ಅನ್ನೋ ಅಮೆರಿಕದ ವಿಜ್ಞಾನಿ ರೂಢಿಗೆ ತಂದಿದ್ದು, ವಾಚೂ ಬೇಡ ಆಪೂ ಬೇಡ. ತಾಲೀಮು ಮುಗಿದು ಅರ್ಧ ಗಂಟೆ ಆದ್ಮೇಲೆ "ಇವತ್ತು ಹತ್ತಕ್ಕೆ ಎಷ್ಟು ಕಷ್ಟ ಆಯ್ತು" ಅಂತ ನಿಮ್ಮನ್ನ ನೀವೇ ಕೇಳ್ಕೊಂಡು ಆ ನಂಬರನ್ನ ನಿಮಿಷದಿಂದ ಗುಣಿಸೋದು ಅಷ್ಟೇ. ನಿಮ್ಮ ವಾರ ಅಂದಾಜಿಗೆ ಹೀಗಿದೆ: ಜಿಮ್ 70 ನಿಮಿಷ, ಕಷ್ಟ 6, ಐದು ದಿನ, ಅಂದ್ರೆ 2100. ಜೂಡೋ 90 ನಿಮಿಷ, ಕಷ್ಟ 7, ನಾಲ್ಕು ದಿನ, ಅಂದ್ರೆ 2520. ಒಟ್ಟು 4620. ಈ ಸಂಖ್ಯೆಗೆ ತನ್ನಷ್ಟಕ್ಕೆ ಏನೂ ಅರ್ಥ ಇಲ್ಲ, ಬೇರೆಯವರ ಜೊತೆ ಹೋಲಿಸೋಕೂ ಹೋಗ್ಬೇಡಿ. ಆದ್ರೆ ನಿಮ್ಮದೇ ಹಿಂದಿನ ವಾರಕ್ಕೆ, ಮುಂದಿನ ವಾರಕ್ಕೆ ಹೋಲಿಸಿದ್ರೆ ಬಹಳ ಉಪಯೋಗ. ಒಂದು ಹಳೇ ಡೈರೀಲಿ ಬರೀತಾ ಹೋಗಿ.

ಡೆಡ್‌ಲಿಫ್ಟ್ ಯಾಕೆ ನಿಂತಿದೆ ಅನ್ನೋದಕ್ಕೆ ಒಂದು ಹಳೇ ಪ್ರಯೋಗ ಹೇಳ್ತೀನಿ. 1980ರಲ್ಲಿ ರಾಬರ್ಟ್ ಹಿಕ್ಸನ್ ಅನ್ನೋರು ಮೂರು ಗುಂಪು ಮಾಡಿ 10 ವಾರ ತಾಲೀಮು ಕೊಟ್ರು. ಒಂದು ಗುಂಪಿಗೆ ವಾರಕ್ಕೆ 5 ದಿನ ಬರೀ ಭಾರ, ಇನ್ನೊಂದಕ್ಕೆ 6 ದಿನ ಬರೀ ಓಟ-ಸೈಕಲ್, ಮೂರನೇದಕ್ಕೆ ಎರಡೂ. ಮೂರನೇ ಗುಂಪಿನ ಬಲ ಮೊದಲ ಏಳು ವಾರ ಭಾರದ ಗುಂಪಿನ ಸಮಕ್ಕೇ ಏರ್ತು, ಎಂಟನೇ ವಾರ ನಿಂತೋಯ್ತು, ಒಂಬತ್ತು-ಹತ್ತಕ್ಕೆ ಇಳಿಯೋಕೆ ಶುರುವಾಯ್ತು. ಹಂಗಂತ ಎರಡನ್ನೂ ಒಟ್ಟಿಗೆ ಮಾಡಲೇಬಾರದು ಅಂತ ಅಲ್ಲ, ಆಮೇಲೆ ನಡೆದ ಎಷ್ಟೋ ಪ್ರಯೋಗಗಳಲ್ಲಿ ಪ್ರಮಾಣ ಹದವಾಗಿದ್ರೆ, ಎರಡರ ಮಧ್ಯೆ ಕನಿಷ್ಠ 6 ಗಂಟೆ ಬಿಟ್ರೆ, ಈ ತಿಕ್ಕಾಟ ಬಹಳ ಕಮ್ಮಿ ಅಂತ ಕಂಡಿದೆ. ಆದ್ರೆ ನಿಮ್ಮ ಟೈಮ್‌ಟೇಬಲ್ ಇದೆಯಲ್ಲ, ಅದು ಹಿಕ್ಸನ್ ಮೂರನೇ ಗುಂಪಿನದೇ ಝೆರಾಕ್ಸ್.

ಈಗ ನಾನೇ ಮಾಡಿಕೊಂಡ ಎಡವಟ್ಟು. ನಾನು ಶುರು ಮಾಡಿದ್ದು ಮೈಸೂರಿನ ಗರಡಿ ಮನೇಲಿ, ಆಮೇಲೆ ಕಾಲೇಜಿಗೆ ಬಂದ್ಮೇಲೆ ಜೂಡೋ. 27ನೇ ವಯಸ್ಸಲ್ಲಿ ನನಗೂ ನಿಮ್ಮ ಥರಾನೇ ಎರಡೂ ಬೇಕಿತ್ತು. ಒಂದು ಗುರುವಾರ ಬೆಳಿಗ್ಗೆ ಬೆಂಚ್ ಪ್ರೆಸ್‌ಲಿ ಮೊದಲ ಸಲ 100 ಕೆಜಿ ಎತ್ತಿದೆ, ಖುಷೀಲಿ ಇನ್ನೂ ಎರಡು ಸೆಟ್ ಜಾಸ್ತಿ ಹೊಡೆದೆ. ಸಂಜೆ ಮ್ಯಾಟ್ ಮೇಲೆ ಭುಜ ಮೇಲೆತ್ತೋಕೇ ಭಾರ ಅನ್ನಿಸ್ತಿತ್ತು, ಆದ್ರೂ ಇಳಿದೆ. ಎದುರಿಗಿದ್ದವನು ಪಿಯುಸಿ ಹುಡುಗ, ನನಗಿಂತ ಹತ್ತು ಕೆಜಿ ಹಗುರ. ಅವನು ಭುಜದ ಮೇಲಿಂದ ಎಸೆಯೋ ಸೆಯೋಯಿ ನಾಗೆ ಹಾಕ್ದ, ಒಳ್ಳೇ ಪಟ್ಟು, ಬೀಳಬೇಕಿತ್ತು, ಸುಮ್ನೆ ಉಕೆಮಿ (ಪೆಟ್ಟಾಗದಂಗೆ ಬೀಳೋ ಕ್ರಮ) ಹೊಡೆದು ಬಿದ್ದಿದ್ರೆ ಏನೂ ಆಗ್ತಿರ್ಲಿಲ್ಲ. ದಣಿದ ಮೈಗೆ ಅರ್ಧ ಸೆಕೆಂಡ್ ತಡವಾಗಿ ಬುದ್ಧಿ ಬಂತು, ಬಿದ್ದುಬಿಡೋ ಬದಲು ಕೈ ಊರಿದೆ. ಭುಜದ ಕೀಲು ಕಳಚ್ತು. ಆ ಶಬ್ದ ಹೆಂಗಿರುತ್ತೆ ಅಂದ್ರೆ ಹಸಿ ಕಬ್ಬು ಮುರಿದಂಗೆ, ಕಿವಿಗಿಂತ ಮೊದಲು ಹೊಟ್ಟೆಗೆ ಕೇಳುತ್ತೆ. ಐದು ತಿಂಗಳು ಜೂಡೋನೂ ಇಲ್ಲ ಬೆಂಚೂ ಇಲ್ಲ, ಅಮ್ಮನ ಕೈಲಿ ಅಂಗಿ ಹಾಕಿಸ್ಕೊಂಡು ಕೂತಿದ್ದೆ. ಎರಡು ದಶಕದ ಕೋಚಿಂಗ್‌ಲಿ ನಾನು ನೋಡಿರೋ ಇಂಥ ಪೆಟ್ಟುಗಳಲ್ಲಿ ಎದುರಾಳಿ ಬಲ ಜಾಸ್ತಿಯಾಗಿ ಆಗಿದ್ದು ಕಮ್ಮಿ, ದಣಿವಲ್ಲಿ ಬೀಳೋದು ತಪ್ಪಿ ಆಗಿದ್ದೇ ಜಾಸ್ತಿ.

ಹಂಗಾದ್ರೆ ಜಿಮ್ ಬಿಡಬೇಕಾ? ಬೇಡ. ಟೂರ್ನಮೆಂಟ್ ಜೂಡೋದಲ್ಲಿ ಇರೋದ್ರಿಂದ ಜೂಡೋ ಊಟ, ಜಿಮ್ ಉಪ್ಪಿನಕಾಯಿ. ಉಪ್ಪಿನಕಾಯಿ ಇಲ್ದೆ ಊಟ ರುಚಿಸಲ್ಲ ನಿಜ, ಆದ್ರೆ ನೀವೀಗ ಅದನ್ನ ಸೌಟಲ್ಲಿ ಬಡಿಸ್ಕೋತಿದೀರಿ. ವಾರಕ್ಕೆ ಎರಡು ಸಲ, ಒಂದೊಂದು ಸಲ 50 ನಿಮಿಷ, ಇಷ್ಟು ಸಾಕು. ಕಟ್ಟಿರೋ ಬಲ ಉಳಿಸಿಕೊಳ್ಳೋಕೆ ಅದನ್ನ ಕಟ್ಟೋಕೆ ಬೇಕಾದಷ್ಟು ದುಡಿಮೆ ಬೇಕಾಗಲ್ಲ, ಭಾರ ಇಳಿಸದೇ ಇದ್ರೆ ವಾರಕ್ಕೆ ಒಂದೇ ಸಲ ಮಾಡಿದ್ರೂ ತಿಂಗಳುಗಟ್ಟಲೆ ನಿಲ್ಲುತ್ತೆ. ಸೆಟ್ ಕಮ್ಮಿ ಮಾಡಿ, ಪ್ಲೇಟ್ ಕಮ್ಮಿ ಮಾಡಬೇಡಿ.

ಪುಶ್-ಪುಲ್-ಲೆಗ್ಸ್ ಅನ್ನೋದು ಮೈ ಬೆಳೆಸೋರಿಗೆ ಅಂತ ಇರೋ ವಿಂಗಡಣೆ, ತಪ್ಪೇನಿಲ್ಲ, ಆದ್ರೆ ಅದರಲ್ಲಿ ಪುಲ್ ದಿನ ಬಂದಾಗ ಬೆನ್ನು, ತೋಳು, ಮುಂಗೈ ಪೂರ್ತಿ ಹಿಂಡಿ ಹಾಕ್ಬಿಡುತ್ತೆ, ಅದೇ ಸಂಜೆ ಮತ್ತೆ ಗಿ (ಜೂಡೋ ಅಂಗಿ) ಹಿಡಿದು ಎಳೀಬೇಕು. ಅದರ ಬದಲು ಎರಡೂ ದಿನ ಇಡೀ ಮೈಗೆ ಸ್ವಲ್ಪ ಸ್ವಲ್ಪ. ನಾನಾಗಿದ್ರೆ ಸೋಮವಾರ ಬೆಳಿಗ್ಗೆ ಒಂದು ಇಡ್ತಿದ್ದೆ, ಯಾಕಂದ್ರೆ ಭಾನುವಾರ ಪೂರ್ತಿ ರೆಸ್ಟ್ ಆಗಿರುತ್ತೆ, ಐದಕ್ಕೆ ಏಳೋದು ಬೇಡ, ಏಳಕ್ಕೆ ಹೋದ್ರೂ ಸಂಜೆ ಕ್ಲಾಸ್‌ಗೆ ಬೇಕಾದಷ್ಟು ಅಂತರ ಸಿಗುತ್ತೆ. ಫ್ರಂಟ್ ಸ್ಕ್ವಾಟ್ 5ರ 3 ಸೆಟ್ (ಅಂದ್ರೆ ಐದೈದು ಸಲ, ಮೂರು ಸುತ್ತು), ನಿಂತು ಮಾಡೋ ಓವರ್‌ಹೆಡ್ ಪ್ರೆಸ್ 5ರ 3, ಒಂದು ಕೈ ಡಂಬೆಲ್ ರೋ 8ರ 3, ಮಂಡಿ ಊರಿ ಮುಂದಕ್ಕೆ ಬಾಗೋ ನಾರ್ಡಿಕ್ 5ರ 2, ಮನೆಗೆ ಹೋಗಿ. ಎರಡನೇದು ಬುಧವಾರ ಸಂಜೆ, ಜೂಡೋ ಇಲ್ಲದ ದಿನ. ಡೆಡ್‌ಲಿಫ್ಟ್ 3ರ 3 ಸೆಟ್, ಪುಲ್‌ಅಪ್ 5ರ 3, ಡಿಪ್ಸ್ ಅಥವಾ ನಮ್ಮ ದಂಡ, ಒಂಟಿ ಕಾಲಿನ ಸ್ಕ್ವಾಟ್ 8ರ 2. ಯಾವ ಸೆಟ್ಟಲ್ಲೂ ಪ್ರಾಣ ಹೋಗೋ ತನಕ ಎತ್ತಬೇಡಿ, ಇನ್ನೂ ಎರಡು ಎತ್ತಬಹುದಿತ್ತು ಅನ್ನುವಾಗ ಇಳಿಸಿ. ಶುಕ್ರವಾರ, ಭಾನುವಾರ ಏನೂ ಇಲ್ಲ, ಬೇಕಿದ್ರೆ ಪಾರ್ಕಲ್ಲಿ ಅರ್ಧ ಗಂಟೆ ನಡೀರಿ, ಅದಕ್ಕೂ ಸ್ಮಾರ್ಟ್‌ವಾಚ್ ಕಟ್ಕೊಂಡು ಹೋಗಿ ಸ್ಪೀಡ್ ನೋಡ್ಬೇಡಿ.

ಜೂಡೋ ನಾಲ್ಕು ದಿನವೂ ಇರಲಿ, ಆದ್ರೆ ನಾಲ್ಕೂ ದಿನ ಯುದ್ಧ ಬೇಡ. ಮಂಗಳವಾರ, ಶನಿವಾರ ಜೋರು ರಾಂಡೋರಿ. ಸೋಮವಾರ ಬರೀ ಟೆಕ್ನಿಕ್, ಉಚಿಕೋಮಿ, ನೆಲದ ಮೇಲಿನ ನೆವಾಝಾ ನಿಧಾನಕ್ಕೆ. ಗುರುವಾರ ಮಧ್ಯಮ. ನಿಮ್ಮ ಕೋಚ್ ಹತ್ರ ಹೋಗಿ "ಸಾರ್, ಟೂರ್ನಮೆಂಟ್‌ಗೆ ತಯಾರಿ ಮಾಡ್ತಿದೀನಿ, ಸೋಮವಾರ ರಾಂಡೋರಿ ಬಿಟ್ಟು ಮೂಲೇಲಿ ಉಚಿಕೋಮಿ ಮಾಡ್ಕೊಳ್ಲಾ" ಅಂತ ಬಾಯಿ ಬಿಟ್ಟು ಕೇಳಿ, ಹೆಚ್ಚಿನ ಕೋಚ್‌ಗಳು ಬೇಡ ಅನ್ನಲ್ಲ, ಹೇಳದೇ ತಪ್ಪಿಸಿಕೊಂಡ್ರೆ ಮಾತ್ರ ಬೈತಾರೆ. ಈಗ ಲೆಕ್ಕ ನೋಡಿ: ಜೋರಿನ ಎರಡು ದಿನ 90 ಗುಣಿಸು 8, ಅಲ್ಲಿಗೆ 1440, ಸೋಮವಾರದ್ದು 360, ಗುರುವಾರದ್ದು 540, ಜಿಮ್ ಎರಡೂ ಸೇರಿ 700. ಒಟ್ಟು 3040. ಮುಂಚೆ 4620 ಇತ್ತು. ಮೂರರಲ್ಲಿ ಒಂದು ಪಾಲು ಇಳೀತು, ಜೂಡೋ ಒಂದು ದಿನಾನೂ ಬಿಟ್ಟಿಲ್ಲ, ಜೋರಿನ ದಿನ ಇನ್ನೂ ಜೋರಾಗಿದೆ, ಮೇಲಾಗಿ ಬೆಳಿಗ್ಗೆ ಐದರ ಅಲಾರಂ ಒಂದು ದಿನಾನೂ ಇಲ್ಲ.

ನನ್ನ ಪ್ರಕಾರ ಈ ಇಡೀ ಉತ್ತರದಲ್ಲಿ ನಿಮಗೆ ಅತಿ ದೊಡ್ಡ ಲಾಭ ತರೋದು ಆ ಅಲಾರಂ ಹೋಗೋದೇ. ಸ್ಟ್ಯಾನ್‌ಫರ್ಡ್‌ನಲ್ಲಿ ಚೆರಿ ಮಾ ಅನ್ನೋರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ, ಕಾಲೇಜು ಬಾಸ್ಕೆಟ್‌ಬಾಲ್ ಆಟಗಾರರನ್ನ ಕೆಲವು ವಾರ ರಾತ್ರಿ 10 ಗಂಟೆ ಹಾಸಿಗೇಲಿ ಇರೋ ಹಂಗೆ ಮಾಡಿದ್ರು, ಓಟದ ವೇಗ ಹೆಚ್ಚಾಯ್ತು, ಬಾಸ್ಕೆಟ್‌ಗೆ ಬಾಲ್ ಹಾಕೋ ಗುರಿ ಶೇಕಡ 9ರಷ್ಟು ಸುಧಾರಿಸ್ತು. ನಿಮಗೆ ಹತ್ತು ಗಂಟೆ ಆಗಲ್ಲ ಗೊತ್ತು, ಏಳೂವರೆ ಆದ್ರೂ ಮಾಡಿ. ಕ್ಲಾಸ್ ಮುಂಚೆ ಪ್ರೀ-ವರ್ಕೌಟ್ ಪುಡಿ ಏನಾದ್ರೂ ಕುಡೀತಿದ್ರೆ ಇವತ್ತೇ ನಿಲ್ಲಿಸಿ. ಕೆಫೀನ್ ಅರ್ಧ ಇಳಿಯೋಕೇ ಸುಮಾರು ಐದು ಗಂಟೆ ಬೇಕು, ಸಂಜೆ ಆರೂವರೆಗೆ ಕುಡಿದಿದ್ದು ರಾತ್ರಿ ಹನ್ನೊಂದೂವರೆಗೂ ಅರ್ಧ ಹಂಗೇ ಇರುತ್ತೆ. ಮಧ್ಯಾಹ್ನ ಮೂರರ ಕಾಫಿನೇ ಕೊನೇದು.

ಈಗ ಹಿಡಿತ. ನಿಮ್ಮ ಜಿಮ್‌ಲಿ ಯಾರಾದ್ರೂ "ಬ್ರೋ, ಗ್ರಿಪ್ ವೀಕು, ಫಾರ್‌ಆರ್ಮ್ ಟ್ರೈನಿಂಗ್ ಮಾಡು" ಅಂತ ಸಲಹೆ ಕೊಟ್ಟೇ ಇರ್ತಾರೆ. ದಯವಿಟ್ಟು ಬೇಡ. ವಾರಕ್ಕೆ ನಾಲ್ಕು ಸಲ ಒಂದೂವರೆ ಗಂಟೆ ಗಿ ಹಿಡೀತೀರಿ, ಅದೇ ಆರು ಗಂಟೆ ಮುಂಗೈ ತಾಲೀಮು ಆಯ್ತು, ಅದರ ಮೇಲೆ ಡೆಡ್‌ಲಿಫ್ಟ್, ರೋ, ಪುಲ್‌ಅಪ್. ನಿಮ್ಮ ಹಿಡಿತಕ್ಕೆ ಬೇಕಾಗಿರೋದು ಬಿಡುವು. ಡೆಡ್‌ಲಿಫ್ಟ್‌ಗೆ ಸ್ಟ್ರಾಪ್ (ಮಣಿಕಟ್ಟಿಗೆ ಹಾಕಿ ರಾಡ್‌ಗೆ ಸುತ್ತೋ ಪಟ್ಟಿ) ಹಾಕ್ಕೊಳ್ಳಿ. ಸ್ಟ್ರಾಪ್ ಹಾಕೋದು ಅವಮಾನ ಅನ್ನೋ ಒಂದು ಹುಚ್ಚು ಜಿಮ್ ಹುಡುಗ್ರಲ್ಲಿದೆ, ಅವರಿಗೆ ಸಂಜೆ ಯಾರೂ ಕಾಲರ್ ಹಿಡಿದು ಎಳೆಯಲ್ಲ, ಅವರು ಹಂಗೇ ಇರಲಿ.

ಅರ್ಧ ತಪ್ಪು ಜಿಮ್ಮಿದು ಅಂದ್ರೆ ಇನ್ನರ್ಧ ನಿಮ್ಮ ಜೂಡೋದ್ದು. ಎರಡು ವರ್ಷದ ಜೂಡೋಗಾರರನ್ನ ನೋಡಿ, ಹಜಿಮೆ (ಶುರು) ಅಂದ ತಕ್ಷಣ ಗಿನ ಗಟ್ಟಿಯಾಗಿ ಹಿಡ್ಕೊಂಡು ಮತೆ (ನಿಲ್ಲಿಸಿ) ಅನ್ನೋ ತನಕ ಬಿಡಲ್ಲ, ಬೆರಳ ಗೆಣ್ಣು ಬೆಳ್ಳಗಾಗಿರುತ್ತೆ, ಬಿಎಂಟಿಸಿ ಬಸ್ಸಲ್ಲಿ ಫುಟ್‌ಬೋರ್ಡ್ ಮೇಲೆ ನಿಂತು ಕಂಬಿ ಹಿಡಿದಂಗೆ. ಹಳಬರು ಹಂಗೆ ಹಿಡಿಯಲ್ಲ. ಕಿರುಬೆರಳು, ಉಂಗುರ ಬೆರಳು, ಮಧ್ಯದ ಬೆರಳು ಇವಿಷ್ಟು ಕೊಕ್ಕೆ ಥರ ಬಟ್ಟೇಲಿ ಸಿಕ್ಕಿಸಿಕೊಂಡಿರ್ತಾರೆ, ಹೆಬ್ಬೆರಳು-ತೋರುಬೆರಳು ಸಡಿಲ, ಎದುರಾಳಿಯ ತೂಕ ಅಲುಗಿಸೋ ಕ್ಷಣಕ್ಕೆ, ಎಸೆಯೋ ಕ್ಷಣಕ್ಕೆ ಮಾತ್ರ ಬಿಗಿ. 1882ರಲ್ಲಿ ಜೂಡೋ ಕಟ್ಟಿದ ಕಾನೋ ಜಿಗೊರೋ ಅವರ ಮೂಲ ಸೂತ್ರಾನೇ ಇರೋ ಶಕ್ತಿನ ಪೋಲು ಮಾಡದೆ ಬಳಸೋದು. ಸೋಮವಾರದ ಹಗುರ ಕ್ಲಾಸಲ್ಲಿ ಇದೊಂದನ್ನೇ ಅಭ್ಯಾಸ ಮಾಡಿ: ಉಚಿಕೋಮಿ ಒಳಗೆ ಹೋಗುವಾಗ ಬಿಗಿ, ಹೊರಗೆ ಬರುವಾಗ ಸಡಿಲ. ಮೊದಲೆರಡು ವಾರ ಹಿಡಿತ ತಪ್ಪಿ ಹೋಗ್ತಿರುತ್ತೆ, ಹೋಗ್ಲಿ.

ಮೊಣಕೈ ಒಳಬದಿ ನೋವು ಅಂದ್ರಿ. ಬೆರಳು ಮಡಚೋ ಸ್ನಾಯುಗಳೆಲ್ಲ ಬಂದು ಅಂಟೋ ಜಾಗ ಅದು, ನೀವು ಹೇಳಿದ್ದು ನೋಡಿದ್ರೆ ಆ ಸ್ನಾಯುರಜ್ಜು ಕೆರಳಿರೋ ಸಾಧ್ಯತೆ ಜಾಸ್ತಿ. ಮಾಂಸಖಂಡ ಬೇಗ ಬಲಿಯುತ್ತೆ, ಸ್ನಾಯುರಜ್ಜು ಬಹಳ ನಿಧಾನ, ಹಂಗಾಗಿ ಉತ್ಸಾಹದಲ್ಲಿ ಏರಿಸಿದವರಿಗೆಲ್ಲ ಮೊದಲು ಕೈಕೊಡೋದು ಅದೇ. ಪೂರ್ತಿ ರೆಸ್ಟ್ ಕೊಟ್ರೆ ನೋವು ಹೋಗುತ್ತೆ, ವಾಪಸ್ ಬಂದ ದಿನ ನೋವೂ ವಾಪಸ್ ಬರುತ್ತೆ, ಯಾಕಂದ್ರೆ ರಜ್ಜು ಬಲವಾಗಿಲ್ಲ. ಅದಕ್ಕೆ ಹದವಾದ ಭಾರ ಕೊಡ್ಬೇಕು: ಅಂಗೈ ಮೇಲೆ ಮಾಡಿ, ಮುಂಗೈಯನ್ನ ಟೇಬಲ್ ಮೇಲಿಟ್ಟು, ಒಂದು ಹಗುರ ಡಂಬೆಲ್ ಹಿಡಿದು ಮಣಿಕಟ್ಟು ಅಲುಗಿಸದೆ 40-45 ಸೆಕೆಂಡ್, ಅಂಥ ನಾಲ್ಕೈದು. ನೋವು ಹತ್ತಕ್ಕೆ ಮೂರರ ಒಳಗಿದ್ರೆ ಪರವಾಗಿಲ್ಲ. ಎರಡು ವಾರ ಆದ್ಮೇಲೆ ಅದೇ ಡಂಬೆಲ್ ನಿಧಾನಕ್ಕೆ ಇಳಿಸಿ ಏರಿಸೋದು. ಆರು ವಾರಕ್ಕೂ ಕಮ್ಮಿ ಆಗದಿದ್ರೆ ಫಿಸಿಯೋಥೆರಪಿಸ್ಟ್ ಹತ್ರ ಹೋಗಿ. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದ್ರೆ ಆರು ವಾರ ಕಾಯಬೇಡಿ, ಅದು ನರದ ವಿಷಯ, ಡಾಕ್ಟರ್‌ಗೆ ತೋರಿಸಿ.

ಗರಡಿ ಮಾತು ಬಂದಿದ್ದಕ್ಕೆ ಒಂದು ವಿಷಯ. ಹಿಂದಿನ ಪೈಲ್ವಾನರು ದಿನಕ್ಕೆ ಸಾವಿರ ದಂಡ, ಸಾವಿರ ಬಸ್ಕಿ ಹೊಡೀತಿದ್ರು, ನಮಗೇನು ರೋಗ ಅಂತ ಕೆಲವರು ವಾಟ್ಸಾಪ್‌ಲಿ ವಿಡಿಯೋ ಕಳಿಸ್ತಿರ್ತಾರೆ. ಆ ಪೈಲ್ವಾನರ ದಿನ ಹೆಂಗಿರ್ತಿತ್ತು ನೋಡಿ. ಕತ್ತಲಿರುವಾಗಲೇ ಎದ್ದು ಕೆಮ್ಮಣ್ಣಿನ ಮಟ್ಟಿಗೆ, ಅಂದ್ರೆ ಕುಸ್ತಿ ಅಖಾಡಕ್ಕೆ, ಇಳಿದ್ರೆ ಜೋಡಿ ಹಿಡಿಯೋದು, ಆಮೇಲೆ ಎಣ್ಣೆ ಹಚ್ಚಿ ಮಾಲೀಶು, ಬಾದಾಮಿ ಅರೆದ ಹಾಲು, ತುಪ್ಪ, ಊಟ, ಮಧ್ಯಾಹ್ನ ಗಡದ್ದಾಗಿ ನಿದ್ದೆ, ಮತ್ತೆ ಸಂಜೆ ಸಾಮು. ಮೈಸೂರಲ್ಲಿ ಅರಮನೆ ಆಶ್ರಯ ಇತ್ತು, ಉಣ್ಣೋದು, ಮಲಗೋದು, ಸಾಮು ಮಾಡೋದು ಇದೇ ಕೆಲಸ. ಅವರಿಗೆ ಸ್ಟ್ಯಾಂಡ್‌ಅಪ್ ಮೀಟಿಂಗ್ ಇರಲಿಲ್ಲ, ಸಿಲ್ಕ್‌ಬೋರ್ಡ್ ಜಂಕ್ಷನ್ನೂ ಇರಲಿಲ್ಲ. ಅವರ ಸಾಮು ಒಂದನ್ನೇ ತಗೊಂಡು ಅವರ ಮಧ್ಯಾಹ್ನದ ನಿದ್ದೆ ಬಿಟ್ರೆ ನಕಲು ಅರ್ಧ ಆಯ್ತು. ಇನ್ನೊಂದು, ಚಾಲೆಂಜ್ ಅಂತ ಒಂದೇ ದಿನ ಐನೂರು, ಸಾವಿರ ಬಸ್ಕಿ ಹೊಡೆದು ಎರಡು ದಿನ ಆದ್ಮೇಲೆ ಮೂತ್ರ ಕೋಲಾ ಬಣ್ಣಕ್ಕೆ ಬಂದ ಹುಡುಗನೊಬ್ಬನನ್ನ ನಾನೇ ಆಸ್ಪತ್ರೆಗೆ ಕರ್ಕೊಂಡು ಹೋಗಿದೀನಿ. ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿ ಕಿಡ್ನಿಗೆ ಹೊಡೆಯುತ್ತೆ ಅದು. ಅಂಥ ಬಣ್ಣ ಕಂಡ್ರೆ ಎಳನೀರು ಕುಡಿದು ನೋಡೋಣ ಅನ್ನೋದು ಬೇಡ, ಸೀದಾ ಎಮರ್ಜೆನ್ಸಿಗೆ ಹೋಗಿ. ಹಾಗಂತ ಗರಡಿ ಕಸರತ್ತು ಬೇಡ ಅಂತಿಲ್ಲ. ಎಲ್ಲಾದ್ರೂ ಗದೆ ಸಿಕ್ಕಿದ್ರೆ, ಐದಾರು ಕೆಜಿದು, ಬುಧವಾರ ವಾರ್ಮಪ್‌ಗೆ ಎರಡೂ ಕಡೆ ಹತ್ತತ್ತು ಸಲ ತಿರುಗಿಸಿ, ಭುಜದ ಕೀಲು ಬಿಚ್ಚಿಕೊಳ್ಳೋದ್ರಲ್ಲಿ ಅದಕ್ಕೆ ಸಾಟಿ ಆಗೋ ಮಷಿನ್ ನಾನಿನ್ನೂ ನೋಡಿಲ್ಲ.

ಊಟದ ವಿಷಯ. ಪ್ರೋಟೀನ್ ದೇಹದ ತೂಕದ ಪ್ರತಿ ಕೆಜಿಗೆ 1.6 ಗ್ರಾಂ ಅಂತ ಇಟ್ಕೊಂಡ್ರೆ ನಿಮಗೆ 118 ಗ್ರಾಂ ಬೇಕು. ಅನ್ನ-ಸಾಂಬಾರ್ ಕ್ಯಾಂಟೀನ್ ಊಟದಲ್ಲಿ ಅದು ಬರಲ್ಲ. ಮೂರು ಮೊಟ್ಟೆಗೆ 18, ಅರ್ಧ ಲೀಟರ್ ಹಾಲಿಗೆ 16, ಒಣ ಸೋಯಾ ಚಂಕ್ಸ್ 50 ಗ್ರಾಂ ಹಾಕಿದ ಪಲ್ಯಕ್ಕೆ 26, ಒಂದು ಬಟ್ಟಲು ಮೊಸರಿಗೆ 7, ಒಂದು ಸ್ಕೂಪ್ ವೇ ಪುಡಿಗೆ 24, ಉಳಿದಿದ್ದು ಬೇಳೆ, ಹುರುಳಿಕಾಳು, ಹೆಸರುಕಾಳು ಉಸ್ಲಿ, ಚಪಾತೀಲಿ ಆರಾಮಾಗಿ ತುಂಬುತ್ತೆ. ಅದಕ್ಕಿಂತ ಮುಖ್ಯ ಹೊತ್ತು. ಮಧ್ಯಾಹ್ನ ಒಂದಕ್ಕೆ ಊಟ ಮಾಡಿ ಏಳಕ್ಕೆ ಖಾಲಿ ಹೊಟ್ಟೇಲಿ ಮ್ಯಾಟ್‌ಗೆ ಇಳಿಯೋರು ಬಹಳ ಜನ, ಆಮೇಲೆ ಸ್ಟ್ಯಾಮಿನಾ ಇಲ್ಲ ಅಂತಾರೆ. ಐದೂವರೆಗೆ ಎರಡು ಬಾಳೆಹಣ್ಣು, ಒಂದು ಕಡ್ಲೆ ಚಿಕ್ಕಿ. ಕ್ಲಾಸ್ ಮುಗಿದ್ಮೇಲೆ ಮನೆ ತಲುಪೋ ತನಕ ಕಾಯದೆ ದಾರೀಲೇ ಹಾಲೋ ವೇ ಪುಡಿನೋ ಕುಡಿದುಬಿಡಿ, ರಾತ್ರಿ ಊಟ ಹಗುರ ಆಗುತ್ತೆ, ನಿದ್ದೆನೂ ಬೇಗ ಬರುತ್ತೆ.

ಕ್ರಿಯಾಟಿನ್ ಒಳ್ಳೇದೇ, ದಿನಕ್ಕೆ 3ರಿಂದ 5 ಗ್ರಾಂ ಮಾನೋಹೈಡ್ರೇಟ್, ಬೇರೆ ಯಾವ ದುಬಾರಿ ರೂಪಾನೂ ಬೇಡ. ಆದ್ರೆ ಸ್ನಾಯುಲಿ ನೀರು ಹಿಡಿದು ತೂಕ ಒಂದು ಕೆಜಿ ಹತ್ರ ಏರುತ್ತೆ, ನೀವು 74, ವಿಭಾಗ 73. ಅದಕ್ಕೇ ಟೂರ್ನಮೆಂಟ್ ಮುಗಿದ ಮಾರನೇ ದಿನ ಶುರು ಮಾಡಿ. ಈಗ ಇಳಿಸಬೇಕಾಗಿರೋ ಒಂದು ಕೆಜಿನ 12 ವಾರದಲ್ಲಿ ರಾತ್ರಿ ಊಟದ ಅನ್ನ ಒಂದು ಹಿಡಿ ಕಮ್ಮಿ ಮಾಡಿ ಇಳಿಸಿ, ಕೊನೇ ಎರಡು ದಿನ ನೀರು ಬಿಟ್ಟು, ಜಾಕೆಟ್ ಹಾಕ್ಕೊಂಡು ಓಡಿ ಇಳಿಸೋ ಸರ್ಕಸ್ ಬೇಡ. 1997ರಲ್ಲಿ ಅಮೆರಿಕದಲ್ಲಿ ಮೂರು ಕಾಲೇಜು ಕುಸ್ತಿಪಟುಗಳು ಎರಡು ತಿಂಗಳೊಳಗೆ ಹಿಂಗೆ ತೂಕ ಇಳಿಸೋಕೆ ಹೋಗಿ ಸತ್ತರು. 2024ರ ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ 100 ಗ್ರಾಂಗೆ ಫೈನಲ್ ಕಳ್ಕೊಳ್ಳೋ ಹಿಂದಿನ ರಾತ್ರಿ ಏನೇನು ಮಾಡಿದ್ರು ಅಂತ ಎಲ್ಲರೂ ಪೇಪರಲ್ಲಿ ಓದಿದೀವಿ. ಅದು ಒಲಿಂಪಿಕ್ಸ್, ಅವರಿಗೆ ಡಾಕ್ಟರ್‌ಗಳ ತಂಡ ಇತ್ತು. ನಿಮ್ಮದು ಮೊದಲ ಟೂರ್ನಮೆಂಟ್, 81ರಲ್ಲಿ ಆಡಿ ಸೋತ್ರೂ ಏನೂ ಮುಳುಗಲ್ಲ.

ಐಸ್ ಬಾತ್ ಬೆಂಗಳೂರಿಗೆ ಬಂದಿರೋ ಹೊಸ ಗೀಳು. 2015ರಲ್ಲಿ ಆಸ್ಟ್ರೇಲಿಯಾದಲ್ಲಿ ಒಂದು ಪ್ರಯೋಗ ಆಯ್ತು, 12 ವಾರ ಭಾರದ ತಾಲೀಮು, ಪ್ರತಿ ಸಲ ಮುಗಿದ ಮೇಲೆ ಒಂದು ಗುಂಪು 10 ಡಿಗ್ರಿ ತಣ್ಣೀರಲ್ಲಿ 10 ನಿಮಿಷ ಕೂತ್ರು, ಇನ್ನೊಂದು ಗುಂಪು ಸುಮ್ನೆ ಹಗುರವಾಗಿ ಸೈಕಲ್ ತುಳಿದ್ರು. ಸೈಕಲ್ ಗುಂಪಿಗೇ ಸ್ನಾಯು ಬಲ ಎರಡೂ ಜಾಸ್ತಿ ಬಂತು. ಭಾರ ಎತ್ತಿದ ಮೇಲೆ ಮೈಯೊಳಗೆ ಸ್ನಾಯು ಕಟ್ಟೋ ಕೆಲಸ ಶುರುವಾಗುತ್ತೆ, ಅದನ್ನ ಐಸ್ ಹಾಕಿ ತಗ್ಗಿಸಿದ್ರೆ ಎತ್ತಿದ್ದರಲ್ಲಿ ಒಂದು ಪಾಲು ದಂಡ. ಸೋಮ, ಬುಧ ಬೇಡವೇ ಬೇಡ. ಟೂರ್ನಮೆಂಟ್ ದಿನ ಒಂದಾದ ಮೇಲೊಂದು ಬೌಟ್ ಇದ್ದಾಗ ತಣ್ಣೀರು ಸುರ್ಕೊಂಡ್ರೆ ಹಾಯಾಗುತ್ತೆ, ಅಷ್ಟಕ್ಕೆ ಬಕೆಟ್ ಸಾಕು.

12 ವಾರ ಹೆಂಗೆ ಹಂಚೋದು ಅಂದ್ರೆ, ಮೊದಲ ನಾಲ್ಕು ವಾರ ನಾನು ಮೇಲೆ ಹೇಳಿದ ಹಾಗೆ, ನಾಲ್ಕನೇ ವಾರ ಜಿಮ್ ಸೆಟ್ ಅರ್ಧ. ಅಲ್ಲಿಂದ ಎಂಟರ ತನಕ ಡೆಡ್‌ಲಿಫ್ಟ್, ಸ್ಕ್ವಾಟ್ ವಾರಕ್ಕೆ ಎರಡೂವರೆ ಕೆಜಿ ಏರಿಸ್ತಾ ಹೋಗಿ, ನಿದ್ದೆ ಸರಿಯಾಗಿದ್ರೆ 120 ತಾನಾಗೇ ದಾಟುತ್ತೆ. ಒಂಬತ್ತರಿಂದ ಜಿಮ್ ವಾರಕ್ಕೆ ಒಂದೇ, ಶನಿವಾರದ ರಾಂಡೋರಿ ನಿಜವಾದ ಪಂದ್ಯದ ಥರ, ನಾಲ್ಕು ನಿಮಿಷದ ಬೌಟ್, ಮಧ್ಯೆ ಹತ್ತು ನಿಮಿಷ ಬಿಡುವು. ಕೊನೇ ಹತ್ತು ದಿನ ಎಲ್ಲಾದರ ಪ್ರಮಾಣ ಅರ್ಧಕ್ಕೆ ಇಳಿಸಿ, ವೇಗ ಇಳಿಸಬೇಡಿ. ಆ ಹತ್ತು ದಿನ ಮೈ ತಾಲೀಮಿಗೆ ತುಡೀತಿರುತ್ತೆ, ಏನೋ ಕಮ್ಮಿ ಮಾಡ್ತಿದೀನಿ ಅಂತ ಭಯ ಆಗುತ್ತೆ, ಆ ಭಯಕ್ಕೆ ಒಂದು ಎಕ್ಸ್‌ಟ್ರಾ ಸೆಷನ್ ಹೊಡೆಯೋರೇ ಜಾಸ್ತಿ.

ದಣಿವು ಜಾಸ್ತಿಯಾಗ್ತಿದೆಯಾ ಅಂತ ತಿಳಿಯೋಕೆ ಪ್ರತಿ ಸೋಮವಾರ ಬೆಳಿಗ್ಗೆ ಮನೆ ಗೋಡೆ ಪಕ್ಕ ನಿಂತು ಬೆರಳಿಗೆ ಸೀಮೆಸುಣ್ಣ ಹಚ್ಚಿ ಮೂರು ಸಲ ಹಾರಿ ಗುರುತು ಹಾಕಿ, ಓನರ್ ಬೈತಾರೆ ಅಂದ್ರೆ ಬಾತ್‌ರೂಮ್ ಟೈಲ್ಸ್ ಮೇಲೆ. ಭಾನುವಾರ ರೆಸ್ಟ್ ಆದ್ಮೇಲೂ ಗುರುತು ಎರಡು ಇಂಚು ಕೆಳಗಿಳಿದ್ರೆ, ಜೊತೆಗೆ ಏಳೋಕೆ ಮುಂಚಿನ ನಾಡಿ ಮಾಮೂಲಿಗಿಂತ ಏಳೆಂಟು ಜಾಸ್ತಿ ಇದ್ರೆ, ಆ ವಾರ ಬುಧವಾರದ ಜಿಮ್ ಬಿಡಿ. ಮಂಗಳವಾರದ ರಾಂಡೋರಿನೂ ಟೆಕ್ನಿಕ್ ಮಾಡ್ಕೊಳ್ಳಿ. ಮನೇಲಿ "ಯಾಕೋ ಸಿಡುಕ್ತೀಯ ಇತ್ತೀಚೆಗೆ" ಅಂತ ಯಾರಾದ್ರೂ ಅಂದ್ರೆ ಅದೂ ಒಂದು ರೀಡಿಂಗೇ, ಡೈರೀಲಿ ಬರ್ಕೊಳ್ಳಿ.

ಈಗ ತೊಡೆ ಮೇಲಿನ ದುಂಡಗಿನ ತುರಿಕೆ. ನೋಡದೆ ಖಚಿತ ಹೇಳಕ್ಕಾಗಲ್ಲ, ಆದ್ರೆ ಮ್ಯಾಟ್ ಮೇಲೆ ಉರುಳಾಡೋರಿಗೆ ದುಂಡಗೆ, ಅಂಚು ಕೆಂಪಗೆ ಎದ್ರೆ ಹತ್ತಕ್ಕೆ ಒಂಬತ್ತು ಸಲ ಅದು ಗಜಕರ್ಣ, ಫಂಗಸ್. ಮೆಡಿಕಲ್ ಸ್ಟೋರಲ್ಲಿ ಕೇಳಿದ ತಕ್ಷಣ ಕೊಡೋ ಎಷ್ಟೋ ಕ್ರೀಮ್‌ಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತೆ. ಎರಡು ದಿನಕ್ಕೆ ತುರಿಕೆ ಮಾಯ, ಒಳಗೆ ಫಂಗಸ್ ಹಾಯಾಗಿ ಹಬ್ಬುತ್ತೆ, ಬಿಟ್ಟ ತಕ್ಷಣ ದುಪ್ಪಟ್ಟು ಎದ್ದು ಬರುತ್ತೆ. ಟ್ಯೂಬ್ ಮೇಲೆ ಕ್ಲೋಬೆಟಸಾಲ್, ಬೀಟಾಮೆಥಾಸೋನ್ ಅಂತ ಇದ್ರೆ ಹಚ್ಚೋದು ನಿಲ್ಲಿಸಿ ಚರ್ಮದ ಡಾಕ್ಟರ್‌ಗೆ ತೋರಿಸಿ, ಇಲ್ದಿದ್ರೂ ತೋರಿಸಿ. ಅವರು ಸರಿ ಅನ್ನೋ ತನಕ ಮ್ಯಾಟ್‌ಗೆ ಇಳಿಯಬೇಡಿ, ನಿಮ್ಮ ಜೊತೆ ಹಿಡಿಯೋ ಹತ್ತು ಜನಕ್ಕೂ ಹಂಚ್ತೀರಿ. ಗಿ ಪ್ರತಿ ಕ್ಲಾಸ್ ಆದ್ಮೇಲೂ ಒಗೆದು ಬಿಸಿಲಲ್ಲೇ ಒಣಗಿಸಿ, ಬ್ಯಾಗಲ್ಲಿ ಮಡಚಿಟ್ಟು ಗುರುವಾರಕ್ಕೆ ಅದನ್ನೇ ಹಾಕ್ಕೊಳ್ಳೋ ಅಭ್ಯಾಸ ಇದ್ರೆ ಅದೇ ಮೂಲ. ಒಂದೆರಡು ವಾರ ಹೇಗೂ ಜೂಡೋ ಇಲ್ಲ, ಇದನ್ನೇ ನಿಮ್ಮ 12 ವಾರದ ಮೊದಲ ಎರಡು ಅಂದ್ಕೊಳ್ಳಿ: ಫುಲ್ ಪ್ಯಾಂಟ್ ಹಾಕ್ಕೊಂಡು, ಬೆಂಚ್ ಮೇಲೆ ನಿಮ್ಮದೇ ಟವೆಲ್ ಹಾಸ್ಕೊಂಡು, ಸೋಮವಾರ ಬುಧವಾರ ಜಿಮ್ ಮಾಡಿ, ಉಳಿದ ದಿನ ಹತ್ತೂವರೆಗೆ ಮಲಗಿ. ಮೊಣಕೈಗೂ ಅಷ್ಟು ದಿನ ಗಿ ಎಳೆಯೋ ಕೆಲಸ ತಪ್ಪುತ್ತೆ.